ಏರ್‌ಪೋರ್ಟ್‌ನಲ್ಲಿ ಸಿಕ್ಕರೆ ಸುದ್ದಿ, ನಮ್ಮ ಕೆರೆಗೆ ಬಿದ್ದರೆ ಯಾರ ಹೊಣೆ?

ಯಲಹಂಕ: 2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕ್‌ನಿಂದ ಬಂದ ವಿಮಾನದ ಲಗೇಜ್‌ನಲ್ಲಿ ಒಂದಷ್ಟು ಬ್ಯಾಗ್ ಹಾಗೇ ಉಳಿದುಬಿಟ್ಟಿತ್ತು. ತಗೊಂಡು ಹೋಗೋಕೆ ಯಾರೂ ಬರಲಿಲ್ಲ. ದೇವನಹಳ್ಳಿ ಏರ್‌ಪೋರ್ಟ್‌ನ ಕಸ್ಟಮ್ಸ್ ಸಿಬ್ಬಂದಿ ತೆಗೆದು ನೋಡಿದರೆ ಒಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ. ಹಾವುಗಳು ಬದುಕಿದ್ದವು. ಕೋತಿಗಳು ಆರೂ ಸತ್ತಿದ್ದವು. ಆಗುಂಬೆ ಕಾಡಿನಲ್ಲೇ ಕಾಳಿಂಗ ಇರುವ ರಾಜ್ಯಕ್ಕೆ ಬ್ಯಾಂಕಾಕ್‌ನಿಂದ ಕಾಳಿಂಗ ಬಂದಿತ್ತು!

ಅದಕ್ಕೂ ಎರಡು ವಾರ ಮೊದಲು, ಆಗಸ್ಟ್ 21ರಂದು, ಅದೇ ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕನ ಟ್ರಾಲಿ ಬ್ಯಾಗ್‌ನಲ್ಲಿ 234 ಪ್ರಾಣಿ ಸಿಕ್ಕಿದ್ದವು. ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ, ಮೊಸಳೆ ಜಾತಿಯ ಮರಿ. ಜೊತೆಗೆ ಒಂದು ಕಾಂಗರೂ ಮರಿ, ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ ಸಿಕ್ಕವು. ಥಾಯ್ಲೆಂಡ್-ಭಾರತ ವಿಮಾನ ಮಾರ್ಗದಲ್ಲಿ ಮೂರೂವರೆ ವರ್ಷದಲ್ಲಿ ಸತ್ತದ್ದು, ಬದುಕಿದ್ದು ಸೇರಿ 7 ಸಾವಿರಕ್ಕೂ ಹೆಚ್ಚು ಪ್ರಾಣಿ ಸಿಕ್ಕಿವೆ ಅಂತ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆ 2025ರ ಜೂನ್‌ನಲ್ಲಿ ಹೇಳಿತು.

ಇವೆಲ್ಲ ಸಿಕ್ಕಿಬಿದ್ದವುಗಳ ಲೆಕ್ಕ. ಟಿವಿಯಲ್ಲಿ ಬರುತ್ತೆ, ವಾಟ್ಸಾಪ್‌ನಲ್ಲಿ ಓಡಾಡುತ್ತೆ, ಎರಡು ದಿನಕ್ಕೆ ಮರೆತೂ ಹೋಗುತ್ತೆ. ಸಿಕ್ಕಿಬೀಳದೆ ಹೊರಗೆ ಬಂದದ್ದು ಎಲ್ಲಿಗೆ ಹೋಯಿತು? ಏರ್‌ಪೋರ್ಟ್‌ನಿಂದ ಊರೊಳಗೆ ಬರುವ ಬಳ್ಳಾರಿ ರಸ್ತೆ ಯಲಹಂಕ, ಕೋಗಿಲು ಕ್ರಾಸ್, ಜಕ್ಕೂರು, ಹೆಬ್ಬಾಳ ದಾಟಿಕೊಂಡೇ ಹೋಗಬೇಕು. ಹಾಗಾಗಿ ಇದು ಬ್ಯಾಂಕಾಕ್ ಸುದ್ದಿ ಅಷ್ಟೇ ಅಲ್ಲ, ನಮ್ಮ ಬೀದಿಯ ಸುದ್ದಿಯೂ ಹೌದು.

ಗೇಟ್ ದಾಟಿದರೆ ಕೇಳೋರೇ ಇರಲಿಲ್ಲ

ಈ ವ್ಯಾಪಾರ ಇಷ್ಟು ಬೆಳೆಯೋಕೆ ಒಂದು ಮುಖ್ಯ ಕಾರಣ ಕಾನೂನಿನಲ್ಲಿದ್ದ ತೂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡಿಕೊಳ್ಳುತ್ತಿದ್ದದ್ದು ನಮ್ಮ ದೇಶದ ಪ್ರಾಣಿಗಳನ್ನು. ಆಫ್ರಿಕಾದ ಗಿಳಿ, ಅಮೆರಿಕದ ಇಗ್ವಾನಾ ಅದರ ಪಟ್ಟಿಯಲ್ಲಿ ಇರಲಿಲ್ಲ. ವಿದೇಶಿ ಪ್ರಾಣಿಯನ್ನು ಹಿಡಿಯೋದು ಕಸ್ಟಮ್ಸ್ ಕೆಲಸ, ಅದೂ ಗಡಿಯಲ್ಲಿ. ಗೇಟ್ ದಾಟಿ ಟ್ಯಾಕ್ಸಿ ಹತ್ತಿದ ಮೇಲೆ ಅದೇ ಪ್ರಾಣಿ 'ಇಲ್ಲೇ ಮರಿ ಮಾಡಿಸಿದ್ದು' ಆಗಿಬಿಡುತ್ತಿತ್ತು. ಅಲ್ಲ ಅಂತ ಸಾಬೀತು ಮಾಡೋದು ಅರಣ್ಯ ಇಲಾಖೆಗೆ ಕಷ್ಟ.

ಜನ ಕೇಳುತ್ತಿದ್ದ ಪ್ರಶ್ನೆಯೂ ಸರಿಯಾಗಿಯೇ ಇತ್ತು. 'ನಮ್ಮ ಹಸಿರು ಗಿಣಿ ಸಾಕಿದರೆ ಕೇಸು, ಆಫ್ರಿಕಾ ಗಿಣಿ ಸಾಕಿದರೆ ಶೋಕಿನಾ?'

ಹಸಿರು ಗಿಳಿ, ನಕ್ಷತ್ರ ಆಮೆ, ಎರಡು ತಲೆ ಹಾವು ಅಂತ ಕರೆಯೋ ಮಣ್ಣುಮುಕ್ಕ ಹಾವು ಮನೆಯಲ್ಲಿಟ್ಟರೆ ಅಪರಾಧ. ಇದು ಹಿಂದೆಯೂ ಹಾಗೇ, ಈಗಲೂ ಹಾಗೇ. ವಿದೇಶಿ ಪ್ರಾಣಿಯ ವಿಷಯದಲ್ಲಿ ಬದಲಾವಣೆ ಬಂದದ್ದು ಮೂರು ಹಂತದಲ್ಲಿ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಮನೆಯಲ್ಲಿರುವ ವಿದೇಶಿ ಪ್ರಾಣಿಗಳನ್ನು ನೀವೇ ಬಂದು ಘೋಷಿಸಿ, ಗಡುವಿನೊಳಗೆ ಹೇಳಿದರೆ ದಾಖಲೆ ಕೇಳಲ್ಲ ಅಂದಿತು. ಆಮೇಲೆ 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಮೂಗುದಾರ ಹಾಕುವ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದವಿದೆ. ಆ ಒಪ್ಪಂದದ ಪಟ್ಟಿಯ ಪ್ರಾಣಿಗಳು ನಮ್ಮ ಕಾಯ್ದೆಯ 4ನೇ ಅನುಸೂಚಿಗೆ ಸೇರಿದವು. ಮೂರನೆಯದು, 2024ರ ಫೆಬ್ರವರಿ ಕೊನೆಯಲ್ಲಿ ಬಂದ ನೋಂದಣಿ ನಿಯಮ. ಇಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ಪರಿವೇಶ್ 2.0 ಪೋರ್ಟಲ್‌ನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕಿತ್ತು. ಆ ಗಡುವು 2024ರ ಆಗಸ್ಟ್ 28ಕ್ಕೆ ಮುಗಿದಿದೆ. ಈಗ ಹೊಸದಾಗಿ ಕೊಂಡವರಿಗೆ ಇರೋದು 30 ದಿನ.

ಏರೋ ಶೋ ಬಂದಾಗ ನೆನಪು ಮಾಡಿಕೊಳ್ಳಿ. 2025ರಲ್ಲಿ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರಾಟ ಬಂದ್ ಅಂತ ಆದೇಶವಾಯಿತು, ಸಣ್ಣ ಕೋಳಿ ಅಂಗಡಿಯವರಿಗೂ ವಿಷಯ ಮುಟ್ಟಿತು. ಪೆಟ್ ಶಾಪ್ ಬೀದಿಗೆ ಈ ನೋಂದಣಿಯ ಸುದ್ದಿ ಅಷ್ಟು ಜೋರಾಗಿ ಇಳಿದಿಲ್ಲ. ಕಾನೂನು ದೆಹಲಿಯಲ್ಲಿ ಆಯಿತು, ಪೋರ್ಟಲ್ ಇಂಗ್ಲಿಷ್‌ನಲ್ಲಿ ಇತ್ತು, ಪಂಜರ ಮಾತ್ರ ಇಲ್ಲಿ.

ಯಾವುದಕ್ಕೆ ಪೇಪರ್ ಬೇಕು, ಯಾವುದಕ್ಕೆ ಬೇಡ

ಇಲ್ಲಿ ಗೊಂದಲ ಜಾಸ್ತಿ. ಸುಮ್ಮನೆ ಹೆದರಬೇಕಾಗಿಲ್ಲ, ಹಾಗಂತ ಸುಮ್ಮನಿರೋ ಹಾಗೂ ಇಲ್ಲ.

ನಮ್ಮ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಅಂತ ಮಾರುವ ಬಜರಿಗರ್, ತಲೆ ಮೇಲೆ ಜುಟ್ಟಿರುವ ಕಾಕಟೀಲ್, ಇವೆರಡೂ ಸೈಟಿಸ್ ಪಟ್ಟಿಯಲ್ಲಿ ಇಲ್ಲ. ಇವಕ್ಕೆ ಈ ನೋಂದಣಿ ಬೇಡ. ಮಕಾವ್, ಸನ್ ಕೊನ್ಯೂರ್, ಕಾಕಟೂ, ಆಫ್ರಿಕನ್ ಗ್ರೇ ಗಿಳಿ, ಹಸಿರು ಇಗ್ವಾನಾ, ಬಾಲ್ ಪೈಥಾನ್, ಮಾರ್ಮೊಸೆಟ್ ಮುಂತಾದ ಸಣ್ಣ ಕೋತಿಗಳು ಪಟ್ಟಿಯಲ್ಲಿವೆ. ಇವಕ್ಕೆ ಬೇಕೇ ಬೇಕು. ಆಫ್ರಿಕನ್ ಗ್ರೇ 2017ರಿಂದ ಅತಿ ಕಟ್ಟುನಿಟ್ಟಿನ ಒಂದನೇ ಪಟ್ಟಿಯಲ್ಲಿದೆ. ಇಂಥವನ್ನು ಮರಿ ಮಾಡಿಸಿ ಮಾರಬೇಕು ಅಂದರೆ 2023ರ ನಿಯಮದ ಪ್ರಕಾರ ಬೇರೆ ಲೈಸೆನ್ಸೂ ಬೇಕು.

ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಕೊನ್ಯೂರ್ ಗಿಫ್ಟ್ ಕೊಟ್ಟರೆ ಅದೂ ಲೆಕ್ಕಕ್ಕೆ ಬರುತ್ತೆ. ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ದಂಡ ತಿದ್ದುಪಡಿಗೆ ಮೊದಲು 25 ಸಾವಿರ ಇತ್ತು.

ಈಗ ಯೋಚನೆ ಮಾಡಿ. ಬ್ಯಾಂಕಾಕ್‌ನಿಂದ ತರಿಸಿದವನ ಹೆಸರು ಯಾವ ಬಿಲ್‌ನಲ್ಲೂ ಇರಲ್ಲ. ಬ್ಯಾಗ್ ಹೊತ್ತು ತಂದವನು ಸಿಕ್ಕಿಬಿದ್ದರೆ ಬಿದ್ದ, ಇಲ್ಲದಿದ್ದರೆ ಇಲ್ಲ. ಕೊನೆಗೆ ಪ್ರಾಣಿಯ ಜೊತೆ, ವಿಳಾಸದ ಸಮೇತ ಇರೋರು ಇಬ್ಬರೇ: ಮಾರಿದ ಅಂಗಡಿಯವರು, ಕೊಂಡ ಮನೆಯವರು. 'ಪೇಪರ್ ಎಲ್ಲ ಆಮೇಲೆ ಕೊಡ್ತೀವಿ' ಅನ್ನೋ ಮಾತಿನ ಬೆಲೆ ಅವತ್ತು ಗೊತ್ತಾಗುತ್ತೆ.

ಐದು ನಿಮಿಷದ ಖರೀದಿ, ಐವತ್ತು ವರ್ಷದ ಸಾಕಣೆ

ಕಾನೂನು ಒಂದು ಕಡೆ ಇರಲಿ. ಪ್ರಾಣಿಯ ಕಡೆಯಿಂದ ನೋಡಿದರೆ ಏನು?

ಬೆಂಗಳೂರಿಗೆ ಪ್ರಾಣಿ-ಪಕ್ಷಿ ಶೋಕಿ ಹೊಸದಲ್ಲ. ಟೆರೇಸ್ ಮೇಲೆ ಪಾರಿವಾಳ ಸಾಕಿ ರೇಸ್ ಬಿಡೋರು ತಲೆಮಾರಿನಿಂದ ಇದ್ದಾರೆ. ಆದರೆ ಪಾರಿವಾಳದ ಕಾಳು, ರೋಗ, ಗೂಡು ಎಲ್ಲವೂ ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಇಗ್ವಾನಾ ಸಾಕೋದನ್ನು ಯಾವ ಅಜ್ಜನೂ ಹೇಳಿಕೊಟ್ಟಿಲ್ಲ. ರೀಲ್ಸ್ ಹೇಳಿಕೊಡುತ್ತೆ, ಅದೂ 30 ಸೆಕೆಂಡ್‌ನಲ್ಲಿ.

ಅಂಗಡಿಯಲ್ಲಿ ಅಂಗೈ ಅಗಲ ಇರುವ ಹಸಿರು ಇಗ್ವಾನಾ ಮರಿ ಬಾಲ ಸೇರಿ ಐದು ಅಡಿಗೂ ಮೀರಿ ಬೆಳೆಯುತ್ತೆ, ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅದು ಬಿಸಿಲಿನ ಪ್ರಾಣಿ. ಅದರ ಮೈಗೆ ಬಿಸಿಲಿನ ಯುವಿಬಿ ಕಿರಣ ಬಿದ್ದರೆ ಮಾತ್ರ ಒಳಗೆ ವಿಟಮಿನ್ ಡಿ ತಯಾರಾಗುತ್ತೆ, ಆಗ ತಿಂದ ಸುಣ್ಣದ ಅಂಶ ಮೂಳೆಗೆ ಸೇರುತ್ತೆ. ಗಾಜಿನ ಕಿಟಕಿಯೊಳಗೆ ಬರುವ ಬಿಸಿಲಿನಲ್ಲಿ ಆ ಕಿರಣ ಇರಲ್ಲ, ಗಾಜು ತಡೆದುಬಿಡುತ್ತೆ. ಫ್ಲಾಟ್‌ನ ಹಾಲ್‌ನಲ್ಲಿಟ್ಟ ಇಗ್ವಾನಾದ ಮೂಳೆ ನಿಧಾನಕ್ಕೆ ಮೆತ್ತಗಾಗುತ್ತೆ, ದವಡೆ ಊದುತ್ತೆ, ಕಾಲು ಸೊಟ್ಟಗಾಗುತ್ತೆ. ಡಿಸೆಂಬರ್ ರಾತ್ರಿ ಯಲಹಂಕದಲ್ಲಿ 15 ಡಿಗ್ರಿಗೆ ಇಳಿದಾಗ ನಾವು ಸ್ವೆಟರ್ ಹಾಕ್ತೀವಿ. ಹಲ್ಲಿ ಜಾತಿಯ ಪ್ರಾಣಿಗೆ ತಾನಾಗಿ ಮೈ ಬಿಸಿ ಮಾಡಿಕೊಳ್ಳಲು ಆಗಲ್ಲ. ಮೈ ತಣ್ಣಗಾದರೆ ಹೊಟ್ಟೆಯಲ್ಲಿರೋ ಆಹಾರವೂ ಜೀರ್ಣವಾಗಲ್ಲ. ಹೀಟ್ ಲೈಟ್ ಇದೆ ಅಂದ್ರಾ? ಕರೆಂಟ್ ಹೋದ ರಾತ್ರಿ?

ಗಿಳಿಗಳ ಕಥೆ ಬೇರೆ. ಆಫ್ರಿಕನ್ ಗ್ರೇ ನಲವತ್ತು-ಐವತ್ತು ವರ್ಷ ಬದುಕುವ ಹಕ್ಕಿ. ಅಮೆರಿಕದಲ್ಲಿ ಅಲೆಕ್ಸ್ ಅನ್ನೋ ಗ್ರೇ ಗಿಳಿ ನೂರಕ್ಕೂ ಹೆಚ್ಚು ಪದ ಕಲಿತಿತ್ತು, ಬಣ್ಣ, ಆಕಾರ, ಲೆಕ್ಕ ಹೇಳುತ್ತಿತ್ತು. ಅಷ್ಟು ಬುದ್ಧಿ ಇರುವ, ಕಾಡಿನಲ್ಲಿ ಹಿಂಡಿನಲ್ಲಿ ಬದುಕುವ ಹಕ್ಕಿಯನ್ನು ಬೆಳಗ್ಗೆ ಒಂಬತ್ತಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಒಂಟಿಯಾಗಿಟ್ಟರೆ ಬೇಸರಕ್ಕೆ ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತೆ. ಸೂರ್ಯಕಾಂತಿ ಬೀಜವೊಂದನ್ನೇ ಹಾಕಿದರೆ ಕ್ಯಾಲ್ಸಿಯಂ, ವಿಟಮಿನ್ ಎ ಕೊರತೆ. ಬೆಣ್ಣೆಹಣ್ಣು ನಮಗೆ ಜ್ಯೂಸು, ಗಿಳಿಗೆ ವಿಷ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಯೂ ಹಕ್ಕಿಯ ಪ್ರಾಣ ತೆಗೆಯಬಲ್ಲದು. ಸನ್ ಕೊನ್ಯೂರ್ ಕೂಗು ಪಕ್ಕದ ಮನೆಗೆ ಮಾತ್ರವಲ್ಲ, ಮೂರನೇ ಮನೆಗೂ ಕೇಳುತ್ತೆ. ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಜಗಳ ಶುರು.

ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಸುಸ್ತಾಗಿ ಕಂಡರೆ ಬೇಟೆಯಾಗುತ್ತವೆ, ಅದಕ್ಕೇ ಈ ಗುಣ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತೆ. ನಾಯಿ ನೋಡುವ ಎಲ್ಲ ಡಾಕ್ಟರೂ ಇಗ್ವಾನಾ, ಗಿಳಿ ನೋಡಲ್ಲ. 1958ರಿಂದ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇರೋದು ಉತ್ತರ ಬೆಂಗಳೂರಿನವರ ಪುಣ್ಯ. ಆದರೂ ಪ್ರಾಣಿ ತರುವ ಮೊದಲೇ ಅದನ್ನು ನೋಡುವ ಡಾಕ್ಟರ್ ಯಾರು ಅಂತ ಹುಡುಕಿಟ್ಟುಕೊಳ್ಳಬೇಕು. ತಂದ ಮೇಲಲ್ಲ.

ರೋಗ ಮನುಷ್ಯರಿಗೂ ಬರುತ್ತೆ. ಗಿಳಿಯ ಒಣಗಿದ ಹಿಕ್ಕೆಯ ಧೂಳಿನಿಂದ ಗಿಳಿಜ್ವರ, ಆಮೆಯ ನೀರಿನಿಂದ ಸಾಲ್ಮೊನೆಲ್ಲಾ. ಮಕ್ಕಳು ಆಮೆ ಮುಟ್ಟಿ ಬಾಯಿಗೆ ಕೈ ಇಟ್ಟುಕೊಂಡು ಕಾಯಿಲೆ ಬೀಳ್ತಾರೆ ಅಂತ ಅಮೆರಿಕ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರೋದನ್ನು 1975ರಲ್ಲೇ ನಿಷೇಧಿಸಿತು. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲಿ ಹಕ್ಕಿಜ್ವರ ಬಂದದ್ದು ಇಲ್ಲಿನ ಕೋಳಿ ವ್ಯಾಪಾರಿಗಳಿಗೆ ನೆನಪಿರುತ್ತೆ. ಅದಕ್ಕೂ ಕಳ್ಳಸಾಗಣೆಗೂ ಸಂಬಂಧ ಕಟ್ಟುವಂತಿಲ್ಲ. ಆದರೆ ಒಂದು ರೋಗ ಬಂದರೆ ಸುತ್ತಲಿನ ಫಾರ್ಮ್, ಅಂಗಡಿಗಳಿಗೆ ಏನಾಗುತ್ತೆ ಅನ್ನೋದು ಆಗ ಗೊತ್ತಾಯಿತು. ಕ್ವಾರಂಟೈನ್ ಇಲ್ಲದೆ ಸೂಟ್‌ಕೇಸ್‌ನಲ್ಲಿ ಬರುವ ಹಕ್ಕಿಯ ಅಪಾಯ ಇರೋದೂ ಅಲ್ಲೇ.

ಕೆರೆ ರಿಟರ್ನ್ ಕೌಂಟರ್ ಅಲ್ಲ

ಶೋಕಿ ಮುಗಿದ ಮೇಲೆ ಪ್ರಾಣಿ ಏನಾಗುತ್ತೆ? ಇದಕ್ಕೆ ಉತ್ತರ ಬೇಕಿದ್ದರೆ ಅಕ್ವೇರಿಯಂ ಆಮೆಯನ್ನು ನೋಡಿ.

ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್-ಇಯರ್ಡ್ ಸ್ಲೈಡರ್ ಅಮೆರಿಕದ ಮಿಸಿಸಿಪ್ಪಿ ನದಿ ಕಡೆಯದು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರುವಾಗ ಮಾರಾಟವಾಗುತ್ತೆ. ವಾಸ್ತು ಪ್ರಕಾರ ಮನೆಗೆ ಲಕ್ಕಿ ಅಂತ ಕೊಳ್ಳೋರು ಬಹಳ. ಆದರೆ ಹೆಣ್ಣು ಸ್ಲೈಡರ್ ಹತ್ತಿರ ಹತ್ತಿರ ಒಂದು ಅಡಿ ಬೆಳೆಯುತ್ತೆ, ಇಪ್ಪತ್ತು-ಮೂವತ್ತು ವರ್ಷ ಬದುಕುತ್ತೆ. ಎರಡು ವರ್ಷಕ್ಕೆ ಗಾಜಿನ ತೊಟ್ಟಿ ಸಾಲಲ್ಲ, ನೀರು ನಾರುತ್ತೆ. ಆಗ ಒಂದು ಭಾನುವಾರ ಸಂಜೆ ಮಕ್ಕಳ ಸಮೇತ ಹೋಗಿ ಕೆರೆಗೆ ಬಿಟ್ಟು ಬರ್ತಾರೆ. ಪುಣ್ಯದ ಕೆಲಸ ಮಾಡಿದ ಸಮಾಧಾನ ಬೇರೆ.

ಪುಣ್ಯ ಅಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ. ಯುರೋಪಿಯನ್ ಒಕ್ಕೂಟ ಇದರ ಆಮದನ್ನು 1997ರಲ್ಲೇ ನಿಲ್ಲಿಸಿತು. ಕೊಳಕು ನೀರಿನಲ್ಲೂ ಬದುಕುತ್ತೆ, ಸಿಕ್ಕಿದ್ದೆಲ್ಲ ತಿನ್ನುತ್ತೆ. ಬೆಂಗಳೂರಿನ ಕೆರೆಗಳಲ್ಲಿರುವ ನಮ್ಮ ಕರಿ ಆಮೆ, ಕಾನೂನಿನ ರಕ್ಷಣೆ ಇರುವ ನಮ್ಮ ಸಿಹಿನೀರಿನ ಮೆದುಚಿಪ್ಪಿನ ಆಮೆಗಳ ಆಹಾರಕ್ಕೂ, ಬಿಸಿಲು ಕಾಯಿಸುವ ಜಾಗಕ್ಕೂ ಇದು ಪೈಪೋಟಿ.

ಅಕ್ವೇರಿಯಂನ 'ಟ್ಯಾಂಕ್ ಕ್ಲೀನರ್' ಮೀನೂ ಹೀಗೇ. ದಕ್ಷಿಣ ಅಮೆರಿಕದ ಈ ಸಕ್ಕರ್ ಮೀನು ದಕ್ಷಿಣ ಭಾರತದ ಕೆರೆ, ಹೊಳೆಗಳಲ್ಲಿ ಬಲೆಗೆ ಬೀಳ್ತಾ ಇದೆ. ಮುಳ್ಳಿಗೆ ಬಲೆ ಹರಿಯುತ್ತೆ, ದಡದಲ್ಲಿ ಬಿಲ ಕೊರೆಯುತ್ತೆ, ತಿನ್ನೋಕೆ ಯಾರೂ ಕೊಳ್ಳಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಪಾಠವಂತೂ ನಮಗೆ ಮೊದಲೇ ಆಗಿದೆ. ಕೇಂದ್ರ ಸರ್ಕಾರ 2000ದಲ್ಲಿ ಅದನ್ನು ನಿಷೇಧಿಸಿದರೂ ಅದು ನಮ್ಮ ನೀರಿನಿಂದ ಹೋಗಿಲ್ಲ. ಕೆರೆಗೆ ಹಾಕೋಕೆ ಒಂದು ನಿಮಿಷ ಸಾಕು. ತೆಗೆಯೋಕೆ ಇಪ್ಪತ್ತೈದು ವರ್ಷವೂ ಸಾಲಲಿಲ್ಲ.

ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಜಕ್ಕೂರು, ಹೆಬ್ಬಾಳ, ಯಲಹಂಕ ಕೆರೆಗಳಿಗೆ ಹೂಳು, ಚರಂಡಿ ನೀರಿನ ಕಾಟ ಸಾಲದು ಅಂತ ಇದು ಒಂದು.

ಕಿಟಕಿ ತೆರೆದು ಹಾರಿಸಿಬಿಡೋದೂ ಪರಿಹಾರ ಅಲ್ಲ. ಪಂಜರದಲ್ಲಿ ಹುಟ್ಟಿದ ಕೊನ್ಯೂರ್‌ಗೆ ಆಹಾರ ಹುಡುಕೋದು ಗೊತ್ತಿಲ್ಲ. ಕಾಗೆ, ಹದ್ದಿನ ಪಾಲಾಗುತ್ತೆ ಇಲ್ಲವೇ ಹಸಿದು ಸಾಯುತ್ತೆ.

ಅಂಗಡಿಯವರ ಸಂಕಟ

ಆರ್.ಟಿ. ನಗರ, ಯಶವಂತಪುರ, ಯಲಹಂಕ ನ್ಯೂ ಟೌನ್ ಕಡೆಯ ಪೆಟ್ ಮತ್ತು ಅಕ್ವೇರಿಯಂ ಅಂಗಡಿಗಳೆಲ್ಲ ಕಳ್ಳರ ಅಡ್ಡೆ ಅಂತ ಬರೆದರೆ ಅದು ಅನ್ಯಾಯ. ಇಂಥ ಅಂಗಡಿಗೆ ಬಾಡಿಗೆ, ಕರೆಂಟು ಹುಟ್ಟೋದು ನಾಯಿ ಫುಡ್, ಮೀನಿನ ತೊಟ್ಟಿ, ಬಜರಿಗರ್, ಕಾಳು ಮಾರಿ. ಎಕ್ಸಾಟಿಕ್ ವ್ಯಾಪಾರದ ದೊಡ್ಡ ದುಡ್ಡು ಓಡಾಡೋದು ಬೇರೆ ಕಡೆ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಏರ್‌ಪೋರ್ಟ್‌ನಲ್ಲಿ 18 ಪ್ರಾಣಿ ಹಿಡಿದು, ಜಾಡು ಹಿಡಿದು ಬೆಂಗಳೂರಿನ ಒಂದು ಫಾರ್ಮ್‌ಹೌಸ್ ಶೋಧಿಸಿದಾಗ 48 ಜಾತಿಯ 139 ಪ್ರಾಣಿ ಸಿಕ್ಕವು. ಅನಕೊಂಡ, ಇಗ್ವಾನಾ, ಗಿಳಿ, ಕೋತಿ. ಅವನ್ನೆಲ್ಲ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಕಳಿಸಬೇಕಾಯಿತು. ಫಾರ್ಮ್‌ಹೌಸ್‌ಗೆ ಬೋರ್ಡು ಇರಲ್ಲ, ಶಟರ್ ಇರಲ್ಲ. ಬೀದಿ ಅಂಗಡಿಗೆ ಎರಡೂ ಇದೆ. ಹಾಗಾಗಿ ತಪಾಸಣೆ ಅಂತ ಬಂದಾಗ ಮೊದಲು ಕಾಣೋದು ಅದೇ.

ಅದಕ್ಕೇ ಅಂಗಡಿಯವರು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕು. 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಣಿ ಆಗಿರಬೇಕು. ಪ್ರಾಣಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಅನ್ನೋ ರಿಜಿಸ್ಟರ್ ಇರಬೇಕು. ಸೈಟಿಸ್ ಪಟ್ಟಿಯ ಪ್ರಾಣಿಯನ್ನು ಪೇಪರ್ ಇಲ್ಲದೆ ಸಪ್ಲೈ ಮಾಡುವವನ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ, ಲಾಭ ಅವನದು, ಕೇಸು ನಿಮ್ಮದು.

ಹಾಗಾದರೆ ಈಗ ಏನು?

ಕಷ್ಟ ಇರೋದು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರಿಗೆ. ಗಡುವು ಗೊತ್ತೇ ಆಗದೆ ನೋಂದಣಿ ತಪ್ಪಿಸಿಕೊಂಡ ಮನೆಗಳಿವೆ. ಹೇಳಿದರೆ ಕೇಸು ಅನ್ನೋ ಭಯ, ಹೇಳದಿದ್ದರೆ ಇನ್ನೂ ಜಾಸ್ತಿ ಭಯ. ಭಯ ಹೆಚ್ಚಾದಾಗ ಸುಲಭಕ್ಕೆ ಕಾಣೋ ದಾರಿ ಎರಡೇ: ಕಿಟಕಿ, ಇಲ್ಲವೇ ಕೆರೆ. ಪ್ರಾಣಿ ಉಳಿಸೋಕೆ ಬಂದ ಕಾನೂನೇ ಪ್ರಾಣಿಯನ್ನು ಬೀದಿಗೆ ತಳ್ಳಿದ ಹಾಗಾಗಬಾರದು.

ಅಮೆರಿಕದ ಫ್ಲೋರಿಡಾ ರಾಜ್ಯ ಇದನ್ನು ಕಷ್ಟಪಟ್ಟು ಕಲಿತಿದೆ. ಬರ್ಮಾ ಹೆಬ್ಬಾವುಗಳು ಪೆಟ್ ವ್ಯಾಪಾರದಿಂದ ಅಲ್ಲಿನ ಎವರ್‌ಗ್ಲೇಡ್ಸ್ ಜೌಗು ಪ್ರದೇಶಕ್ಕೆ ಸೇರಿ, ಕಾಡುಪ್ರಾಣಿಗಳನ್ನು ನುಂಗಿ ಹಾಕಿದವು. ಆಮೇಲೆ ಅಲ್ಲಿನ ಸರ್ಕಾರ ವಿದೇಶಿ ಪ್ರಾಣಿ ಒಪ್ಪಿಸುವ ದಿನ ಅಂತ ಶುರು ಮಾಡಿತು. ತಂದು ಕೊಡಿ, ದಂಡ ಇಲ್ಲ, ಪ್ರಶ್ನೆ ಇಲ್ಲ. ಸಾಕಲು ಅರ್ಹತೆ ಇರೋರಿಗೆ ಅವು ಹೋಗುತ್ತವೆ.

ಇಲ್ಲೂ ಅಂಥದ್ದೊಂದು ಬೇಕು. ಅರಣ್ಯ ಇಲಾಖೆ, ಪಶುಪಾಲನಾ ಇಲಾಖೆ, ಹೆಬ್ಬಾಳ ಕಾಲೇಜು ಸೇರಿ ವರ್ಷಕ್ಕೆ ಎರಡು ದಿನ ಉತ್ತರ ಬೆಂಗಳೂರಿನಲ್ಲಿ ಪ್ರಾಣಿ ಒಪ್ಪಿಸುವ ಶಿಬಿರ ಮಾಡಬಹುದು. ನೋಂದಣಿ ಹೇಗೆ ಅಂತ ಕನ್ನಡದಲ್ಲಿ ಒಂದು ಪುಟದ ಕರಪತ್ರ ಪ್ರತಿ ಪೆಟ್ ಶಾಪ್ ಬಾಗಿಲಿಗೆ ಅಂಟಿಸಬಹುದು. ಸ್ಲೈಡರ್ ಆಮೆ, ಸಕ್ಕರ್ ಮೀನು ವಾಪಸ್ ತಗೊಳ್ಳುವ ತೊಟ್ಟಿಯೊಂದು ಇದ್ದರೂ ಕೆರೆಗೆ ಬೀಳೋದು ಕಡಿಮೆಯಾಗುತ್ತೆ. ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ಸಾಕಣೆಗೆ ಕಡಿವಾಣ ಹಾಕುವ ಅಧಿಕಾರ 2022ರ ತಿದ್ದುಪಡಿಯಲ್ಲೇ ಕೇಂದ್ರಕ್ಕೆ ಸಿಕ್ಕಿದೆ. ಬಳಸಬೇಕು ಅಷ್ಟೇ.

ಅಲ್ಲಿವರೆಗೆ ಮನೆಯವರು ಮಾಡಬೇಕಾದ್ದು ಇಷ್ಟು. ನೋಂದಣಿ ಆಗದ ಪ್ರಾಣಿ ಇದ್ದರೆ ಬಿಡಬೇಡಿ, ಕದ್ದು ಮಾರಬೇಡಿ. ಅದು ಯಾವ ಜಾತಿ, ಪಟ್ಟಿಯಲ್ಲಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಕೊಂಡ ಬಿಲ್, ಫೋಟೋ, ಡಾಕ್ಟರ್ ಚೀಟಿ ಏನಿದೆಯೋ ಜೋಡಿಸಿಟ್ಟುಕೊಂಡು ಮಲ್ಲೇಶ್ವರದ ಅರಣ್ಯ ಭವನಕ್ಕೆ ಬರಹದಲ್ಲಿ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಗಾಯಗೊಂಡ ಕಾಡುಪ್ರಾಣಿ ಸಿಕ್ಕರೂ ಅದೇ ನಂಬರ್.

ಹೊಸದಾಗಿ ಕೊಳ್ಳೋ ಯೋಚನೆ ಇರೋರು ಒಂದು ಲೆಕ್ಕ ಹಾಕಿ. ಇವತ್ತು ನಿಮಗೆ ಮೂವತ್ತು ವರ್ಷ ಅಂದುಕೊಳ್ಳಿ. ಗ್ರೇ ಗಿಳಿ ಮರಿ ತಂದರೆ ಅದು ಮುದಿಯಾಗುವ ಹೊತ್ತಿಗೆ ನಿಮಗೆ ಎಪ್ಪತ್ತು ದಾಟಿರುತ್ತೆ. ಮಗಳು ಬೇರೆ ಊರಲ್ಲಿರ್ತಾಳೆ. ಮನೆ ಬಾಡಿಗೆದಾದರೆ ಎಷ್ಟು ಸಲ ಬದಲಾಗಿರುತ್ತೋ. ಆಗ ಅದಕ್ಕೆ ಕಾಳು ಹಾಕೋರು ಯಾರು? ಹೆಸರು ಹೇಳೋಕೆ ಆದರೆ ಪೇಪರ್ ಕೇಳಿ ತಗೊಳ್ಳಿ. ಆಗದಿದ್ದರೆ ಬೆಳಗ್ಗೆ ಆರಕ್ಕೆ ಪುಟ್ಟೇನಹಳ್ಳಿ ಕೆರೆ ಹತ್ತಿರ ಹೋಗಿ ನಿಂತುಕೊಳ್ಳಿ. ಹಕ್ಕಿ ನೋಡೋಕೆ ಅಲ್ಲಿ ಲೈಸೆನ್ಸ್ ಬೇಡ.